ಕೆಂಪರಾಜು ಕಳೆದುಕೊಂಡ ಬೆಳಿಗ್ಗೆ

ಉದ್ದನಪಲ್ಲಿಯ ಕೆಂಪರಾಜು ಹತ್ತೊಂಬತ್ತು ವರ್ಷ ಕಂಪನಿ ಬಸ್ಸು ಓಡಿಸಿದ. ಬೆಳಿಗ್ಗೆ ಐದೂವರೆಗೆ ಕೆರೆಯ ಪಕ್ಕದಿಂದ ಹೊರಟು, ದಾರಿಯ ಊರೂರಲ್ಲೂ ಹೆಂಗಸರನ್ನು ಹತ್ತಿಸಿಕೊಂಡು, ಏಳಕ್ಕೆ ಐದು ನಿಮಿಷ ಇರುವಾಗ ಹೊಸೂರಿನ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಿಸುತ್ತಿದ್ದ. ಯಾರಿಗಾಗಿಯೂ ಅರ್ಧ ನಿಮಿಷ ಹೆಚ್ಚು ಕಾದವನಲ್ಲ. ತಲೆ ಬಾಚಿಕೊಳ್ಳುತ್ತಾ ಓಡಿ ಬಂದವರು ಬಸ್ಸಿನ ಹಿಂಭಾಗ ನೋಡುತ್ತಾ ನಿಂತದ್ದು ಎಷ್ಟೋ ಸಲ. ಮಾತು ಕಡಿಮೆ, ಹಾಡು ಹಾಕುವವನಲ್ಲ. ಅಷ್ಟು ವರ್ಷದಲ್ಲಿ ಒಂದು ಕುರಿಗೂ ಬಸ್ಸು ತಾಗಿಸಿರಲಿಲ್ಲ. ಅದೊಂದು ಅವನ ಒಳಗಿನ ಹೆಮ್ಮೆ.

ಹೋದ ವರ್ಷ ಕಾರ್ತಿಕದ ಒಂದು ಬುಧವಾರ. ಮಂಜು ದಟ್ಟವಾಗಿತ್ತು. ಗಾಜಿನ ಒಳಗಡೆ ಕಟ್ಟಿದ್ದ ಹನಿಯನ್ನು ಬಟ್ಟೆಯಿಂದ ಒರೆಸಿದ್ದು ಅವನಿಗೆ ನೆನಪಿದೆ. ಅದರ ಮರುಕ್ಷಣ ಅವನು ಹೊಸೂರಿನ ಒಂದು ಆಸ್ಪತ್ರೆಯಲ್ಲಿ ಸ್ಟೀಲ್ ಬೆಂಚಿನ ಮೇಲೆ ಕೂತಿದ್ದ. ಎದುರಿನ ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು. ಪಕ್ಕದಲ್ಲಿ ಹೆಂಡತಿ ಗೋವಿಂದಮ್ಮ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ನಡುವಿನ ಆರು ಗಂಟೆ ಇರಲೇ ಇಲ್ಲ. ನಿದ್ದೆಯಿಂದ ಎದ್ದವನಿಗೆ ನಿದ್ದೆ ಮಾಡಿದ್ದಾದರೂ ಗೊತ್ತಿರುತ್ತದೆ. ಅವನಿಗೆ ಅದೂ ಇರಲಿಲ್ಲ.

ಬಸ್ಸು ಗುದ್ದಿತೆ ಎಂದು ಕೇಳಿದ. ಇಲ್ಲ ಎಂದಳು. ಬಸ್ಸು ಗೇಟಿನ ಮುಂದೆ ತನ್ನ ಜಾಗದಲ್ಲೇ ನಿಂತಿತ್ತು, ಹೆಂಗಸರೆಲ್ಲ ಕ್ಷೇಮವಾಗಿ ಇಳಿದು ಹೋಗಿದ್ದರು. ಆಮೇಲೆ ಅವನು ಕಾವಲುಗಾರನ ಹತ್ತಿರ ಹೋಗಿ ಇವತ್ತು ಯಾವ ವಾರ ಎಂದು ಕೇಳಿದನಂತೆ. ಹೇಳಿದ ಎರಡು ನಿಮಿಷಕ್ಕೆ ಮತ್ತೆ ಅದನ್ನೇ ಕೇಳಿದನಂತೆ. ಐದನೆಯ ಸಲಕ್ಕೆ ಕಾವಲುಗಾರ ಗಾಬರಿಯಾಗಿ ಬಸ್ಸಿನ ಯಜಮಾನ ತಿಮ್ಮರಾಜುವಿಗೆ ಫೋನು ಮಾಡಿದ್ದ.

ಡಾಕ್ಟರು ತಲೆಯ ಸ್ಕ್ಯಾನ್ ನೋಡಿ, ಲಕ್ವ ಅಲ್ಲ, ಫಿಟ್ಸ್ ಅಲ್ಲ ಎಂದರು. ಅಪರೂಪಕ್ಕೆ ಕೆಲವರಿಗೆ ಹೀಗಾಗುತ್ತದೆ, ಮನುಷ್ಯ ಎಚ್ಚರವಾಗಿರುತ್ತಾನೆ, ಗೊತ್ತಿರುವ ಕೆಲಸವನ್ನೆಲ್ಲ ಮಾಡುತ್ತಾನೆ, ಆದರೆ ಆ ಹೊತ್ತು ನೆನಪಿಗೆ ಇಳಿಯುವುದಿಲ್ಲ, ಹೋದದ್ದು ಮರಳಿ ಬರುವುದೂ ಇಲ್ಲ ಎಂದು ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಕೆಂಪರಾಜು ಎಲ್ಲವನ್ನೂ ಕೇಳಿ, ಹಾಗಾದರೆ ಬಸ್ಸು ಓಡಿಸಿದ್ದು ಯಾರು ಎಂದ. ಡಾಕ್ಟರು ನಕ್ಕು, ನೀವೇ ಎಂದರು. ಆ ಉತ್ತರ ಅವನಿಗೆ ಸಾಕಾಗಲಿಲ್ಲ.

ಮಾರನೆಯ ದಿನವೇ ತಿಮ್ಮರಾಜುವಿನ ಮನೆಗೆ ಹೋಗಿ ಬಸ್ಸಿನ ಬೀಗದ ಕೈ ಕೊಟ್ಟುಬಂದ. ಒಂದು ತಿಂಗಳು ಬಿಟ್ಟು ನೋಡೋಣ ಎಂದು ತಿಮ್ಮರಾಜು ಎಷ್ಟು ಹೇಳಿದರೂ ಕೇಳಲಿಲ್ಲ. ಮೂವತ್ತು ಜೀವಗಳನ್ನು ಯಾರೋ ಗೊತ್ತಿಲ್ಲದವನ ಕೈಯಲ್ಲಿ ಬಿಟ್ಟು ತಾನು ಎಲ್ಲೋ ಹೋಗಿದ್ದೆ ಎಂಬ ನಡುಕ ಅವನನ್ನು ಬಿಟ್ಟಿರಲಿಲ್ಲ.

ಹತ್ತು ದಿನದ ಮೇಲೆ, ಭಾನುವಾರ, ಮೇಘಶ್ರೀ ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬಂದಳು. ಅದೇ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಕೆಲಸಕ್ಕೆ ಹೋಗುವ ಹುಡುಗಿ. ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದಳು.

"ಅಣ್ಣ, ಅವತ್ತು ನಡುದಾರೀಲಿ ಬಸ್ ನಿಲ್ಸಿದ್ದು ನಿಂಗೆ ನಿಜ್ವಾಗ್ಲೂ ಗೊತ್ತಿಲ್ವಾ?"

ಕೆಂಪರಾಜು ಇಲ್ಲ ಎಂದು ತಲೆಯಾಡಿಸಿದ.

ಆರೂಕಾಲರ ಹೊತ್ತಿಗೆ, ರಸ್ತೆಯ ಪಕ್ಕದ ಒಂದು ಕೋಸಿನ ತೋಟದ ಹತ್ತಿರ ಬಸ್ಸು ನಿಂತಿತಂತೆ. ಟಯರ್ ಪಂಕ್ಚರ್ ಇರಬೇಕೆಂದು ಎಲ್ಲರೂ ಅಂದುಕೊಂಡರು. ಅವನು ಇಂಜಿನ್ ಆರಿಸಿ, ಇಳಿದು ಹೋಗಿ ಬದುವಿನ ಮೇಲೆ ನಿಂತ. ಮಂಜು ಆಗಷ್ಟೇ ತೆಳುವಾಗುತ್ತಿತ್ತು. ಎಷ್ಟು ಹೊತ್ತಾದರೂ ಬರದಿದ್ದಾಗ ಮೇಘಶ್ರೀ ಇಳಿದು ಹತ್ತಿರ ಹೋದಳು.

"ನೀನು ಅಳ್ತಾ ಇದ್ದೆ ಅಣ್ಣ. ಏನಾಯ್ತು ಅಂತ ನಾನ್ ಕೇಳ್ದೆ. ನೀನು ನನ್ ಕಡೆ ತಿರುಗಿ, 'ಇದೆಲ್ಲಾ ದಿನಾ ಇಲ್ಲೇ ಇತ್ತೇನಮ್ಮ?' ಅಂದೆ. ನಾನು ಹೂಂ ಅಂದೆ. ಆಮೇಲೆ ನೀನು ಬಂದು ಬಸ್ ಹತ್ತಿ ಓಡಿಸ್ದೆ."

ಅವಳು ಹೋದ ಮೇಲೆ ಕೆಂಪರಾಜು ಜಗಲಿಯ ಮೇಲೆ ಕೂತವನು ಊಟಕ್ಕೆ ಕರೆದರೂ ಏಳಲಿಲ್ಲ. ಅವತ್ತಿನವರೆಗೆ ಅವನಿಗಿದ್ದದ್ದು ಹೆದರಿಕೆ. ಈಗ ಅದಕ್ಕೆ ಇನ್ನೊಂದು ಸೇರಿಕೊಂಡಿತು, ಅದಕ್ಕೆ ಹೆಸರಿಡಲು ಅವನಿಗೆ ನಾಚಿಕೆಯಾಯಿತು. ಅದು ಹೊಟ್ಟೆಕಿಚ್ಚು. ತನ್ನ ಕಣ್ಣಿನಲ್ಲೇ, ತನ್ನ ಕಾಲಿನ ಮೇಲೆಯೇ ನಿಂತು, ಯಾರೋ ಏನನ್ನೋ ಕಂಡಿದ್ದ. ಕಂಡು ಅತ್ತಿದ್ದ. ಐವತ್ನಾಲ್ಕು ವರ್ಷ ಈ ಮೈಯನ್ನು ಸಾಕಿದ ತನಗೆ ಅದರಲ್ಲಿ ಒಂದು ಚೂರೂ ಸಿಕ್ಕಿರಲಿಲ್ಲ.

ಅಲ್ಲಿಂದ ಅವನು ತನ್ನನ್ನು ತಾನೇ ಕಾಯತೊಡಗಿದ. ಸ್ನಾನದ ಮನೆಯಲ್ಲಿ ಚೊಂಬು ಎತ್ತುವಾಗ, ಅಂಗಿಯ ಗುಂಡಿ ಹಾಕುವಾಗ, ಇದನ್ನು ಮಾಡುತ್ತಿರುವವನು ನಾನೇ ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ಹಾಗೆ ಹೇಳುತ್ತಿರುವವನು ಯಾರು ಎಂಬ ಪ್ರಶ್ನೆ ಬೆನ್ನಿಗೇ ಬರುತ್ತಿತ್ತು. ಗಡ್ಡ ಹೆರೆಯಲು ಕನ್ನಡಿಯ ಮುಂದೆ ನಿಂತರೆ ಕೈ ತಡೆಯುತ್ತಿತ್ತು. ಅಲ್ಲಿಂದ ನೋಡುತ್ತಿದ್ದ ಮುಖಕ್ಕೆ ಆ ಬೆಳಿಗ್ಗೆಯ ಸುದ್ದಿ ಗೊತ್ತಿದೆ, ತನಗೆ ಹೇಳುತ್ತಿಲ್ಲ ಎನಿಸುತ್ತಿತ್ತು.

ಒಂದು ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಮೇಘಶ್ರೀ ಹೇಳಿದ ಜಾಗದಲ್ಲಿ ಇಳಿದ. ಕೋಸಿನ ಸಾಲುಗಳು, ನೀರಿನ ಪೈಪು, ಆಚೆ ಗುಲಾಬಿ ಬೆಳೆಯುವ ಬಿಳಿ ಪ್ಲಾಸ್ಟಿಕ್ಕಿನ ಶೆಡ್ಡುಗಳು, ದೂರದಲ್ಲಿ ಒಂದು ಬೋಳುಗುಡ್ಡ. ಸೂರ್ಯ ಬಂದ. ಎಲೆಗಳ ಮೇಲೆ ಹನಿ ಹೊಳೆಯಿತು. ಚೆನ್ನಾಗಿತ್ತು, ಆದರೆ ಅಳು ಬರುವಂಥದ್ದೇನೂ ಇರಲಿಲ್ಲ. ಮಾರನೆಯ ದಿನವೂ ಹೋದ. ನಾಲ್ಕನೆಯ ದಿನ ತೋಟದ ಯಜಮಾನ ಚಿನ್ನಪ್ಪ ಬಂದು ಜಮೀನು ಗುತ್ತಿಗೆಗೆ ಬೇಕಾ ಎಂದು ವಿಚಾರಿಸಿದ. ಬೇಡ, ಸುಮ್ಮನೆ ನೋಡಲು ಬಂದೆ ಎಂದಾಗ ಚಿನ್ನಪ್ಪನೂ ಒಂದು ಸಲ ತನ್ನ ತೋಟದ ಕಡೆ ತಿರುಗಿ ನೋಡಿದ.

ಐದನೆಯ ದಿನ ಗೋವಿಂದಮ್ಮ ತಾನೂ ಹೊರಟಳು. ಗಂಡ ಎಲ್ಲಿಗೆ ಹೋಗುತ್ತಾನೆಂದು ಅವಳಿಗೂ ತಿಳಿಯಬೇಕಿತ್ತು. ಇಬ್ಬರೂ ಬದುವಿನ ಮೇಲೆ ನಿಂತರು. ನಿನಗೇನು ಕಾಣುತ್ತದೆ ಎಂದು ಅವನು ಕೇಳಿದ.

"ಹುಳ ಬಿದ್ದೈತೆ. ಔಸ್ದಿ ಹೊಡೀಬೇಕು," ಎಂದಳು.

ಆಮೇಲೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, ಅವನ ಕಡೆ ತಿರುಗದೆ, ಇಷ್ಟು ದಿನ ಹೇಳದಿದ್ದನ್ನು ಹೇಳಿದಳು.

"ಆಸ್ಪತ್ರೇಲಿ ನನ್ ಮುಖಾನೂ ಹಂಗೇ ನೋಡ್ದೆ ನೀನು. ಈಗ ತಾನೆ ಕಣ್ ಬಂದೋನಂಗೆ. 'ನೀನು ನಿಜ್ವಾಗ್ಲೂ ಇದ್ದೀಯಲ್ಲ' ಅಂದೆ. ಮೂವತ್ ವರ್ಸದಾಗೆ ಒಂದ್ ದಿನಾನೂ ನೀನು ನನ್ನ ಹಂಗ್ ನೋಡಿರ್ಲಿಲ್ಲ. ನಂಗೆ ಭಯ ಆಗೋಯ್ತು. ಆಮೇಲೆ ನೀನು ಸರಿ ಹೋದೆ, ಬಸ್ ಗುದ್ದುಬುಡ್ತಾ ಅಂತ ಕೇಳ್ದೆ. ಸದ್ಯ ಅಂದ್ಕೊಂಡೆ. ಮನೇಗ್ ಬಂದು ನಾನು ಅತ್ತೆ."

ಅವನು ಅವಳ ಕಡೆ ತಿರುಗಿದ. ಅವಳ ಮುಖ ನೋಡಿದ. ಹುಬ್ಬಿನ ಪಕ್ಕದ ಹಳೆಯ ಗಾಯದ ಗೀಟು, ಕೆನ್ನೆಯ ಮೇಲೆ ಚಳಿಗೆ ಒಡೆದ ಚರ್ಮ, ಮೂಗುತಿಯ ಕೆಳಗೆ ಕೂತ ಮಂಜಿನ ಸಣ್ಣ ಹನಿ. ಒಂದೊಂದನ್ನೂ ನೋಡಿದ. ನೋಡುತ್ತಿದ್ದೇನೆ ಎಂಬುದು ನಡುವೆ ಅಡ್ಡ ನಿಂತಿತ್ತು. ಅದನ್ನು ಸರಿಸಿ ನೋಡಲು ಅವನಿಗೆ ಬರಲಿಲ್ಲ. ಗೋವಿಂದಮ್ಮ ಸ್ವಲ್ಪ ಹೊತ್ತು ಮುಖವನ್ನು ಹಾಗೇ ಹಿಡಿದಿದ್ದು, ಬಸ್ಸು ಬಂತು ಎಂದು ಬದುವಿನಿಂದ ಇಳಿದಳು.

ಆ ವಾರವೇ ಅವನು ಚಿನ್ನಪ್ಪನ ತೋಟದಲ್ಲಿ ಕೂಲಿಗೆ ಸೇರಿದ. ಈಗಲೂ ಅಲ್ಲೇ ಇದ್ದಾನೆ. ಆರೂಕಾಲಕ್ಕೆ ಕಂಪನಿ ಬಸ್ಸು ಹಾದುಹೋಗುತ್ತದೆ. ಮೇಘಶ್ರೀ ಕಿಟಕಿಯಿಂದ ಕೈಯೆತ್ತುತ್ತಾಳೆ, ಅವನೂ ಎತ್ತುತ್ತಾನೆ. ಆದರೆ ಅವನ ಕಣ್ಣು ಮೊದಲು ಹೋಗುವುದು ಡ್ರೈವರ್ ಸೀಟಿಗೆ. ಅಲ್ಲಿ ತಾನಲ್ಲ, ಹೊಸ ಡ್ರೈವರ್ ಕೂತಿರುವುದನ್ನು ಕಂಡ ಮೇಲೆಯೇ ಉಸಿರು ಬಿಡುತ್ತಾನೆ.

ಕೆಲವು ದಿನ ಕಳೆ ತೆಗೆಯುತ್ತಾ ತೆಗೆಯುತ್ತಾ ಸಾಲು ಮುಗಿದುಹೋಗಿರುತ್ತದೆ. ಅಲ್ಲಿಯವರೆಗೆ ಬಂದದ್ದು ಅವನಿಗೆ ಗೊತ್ತಿರುವುದಿಲ್ಲ. ಕೂಲಿ ಮಾಡುವ ಎಲ್ಲರಿಗೂ ಹಾಗಾಗುತ್ತದೆ ಎಂದು ಚಿನ್ನಪ್ಪ ಹೇಳುತ್ತಾನೆ. ಕೆಂಪರಾಜು ಮಾತ್ರ ಎದ್ದು ನಿಂತು, ಹಿಂದೆ ತಿರುಗಿ, ಕಳೆ ತೆಗೆದವನನ್ನು ಹುಡುಕುವಂತೆ ಹಸಿ ಮಣ್ಣನ್ನು ಸಾಲಿನ ಆ ತುದಿಯವರೆಗೂ ನೋಡುತ್ತಾನೆ. ಆಮೇಲೆ ಮೊಣಕಾಲಿನ ಮಣ್ಣು ಕೊಡವಿ ಮುಂದಿನ ಸಾಲಿಗೆ ಕೂರುತ್ತಾನೆ.