ಕೋಳಿ ಮುಚ್ಚುವ ಮನೆಯಲ್ಲಿ ಒಂದು ಗೇಣು

ನನ್ನ ಗಂಡನ ಮನೆಯಲ್ಲಿ ಕೋಳಿಯನ್ನು ಗೂಡಿಗೆ ಬಿಡುವುದಿಲ್ಲ, ಮುಚ್ಚುತ್ತಾರೆ. ಹೊತ್ತು ಮುಳುಗುವಾಗ ಹಿತ್ತಲಲ್ಲಿ ಬಿದಿರಿನ ಮಂಕರಿ ಬೋರಲು ಹಾಕಿ, ಒಳಗೆ ನಾಲ್ಕೈದು ಕೋಳಿ ತುರುಕಿ, ಮೇಲೊಂದು ಗೋಣಿಚೀಲ ಹೊದಿಸಿ ಕಲ್ಲು ಹೇರಿದರೆ ಕೋಳಿ ಕೆಲಸ ಮುಗಿಯಿತು. ಬೆಕ್ಕು ಬರಬಾರದು, ನಾಯಿ ಬರಬಾರದು, ಚಳಿ ಬರಬಾರದು. ದೀಪ ಹಚ್ಚಿದೆಯಾ ಎಂದು ಕೇಳುವ ಮೊದಲು ಅತ್ತೆ ಕೇಳುತ್ತಿದ್ದುದು, "ಕೋಳಿ ಮುಚ್ಚಿದ್ಯೇನಮ್ಮಾ?" ಅಂತ.

ಮದುವೆಯಾಗಿ ಬಂದ ಮೊದಲ ವಾರ ಈ ಮಾತು ಕೇಳಿ ನಾನು ಅಡುಗೆಮನೆಗೆ ಓಡಿದ್ದೆ. ಒಲೆಯ ಪಕ್ಕ ಕೋಳಿಸಾರಿನ ಪಾತ್ರೆ ತೆರೆದೇ ಇತ್ತು. ಅದರ ಮೇಲೆ ತಟ್ಟೆ ಮುಚ್ಚಿ, "ಮುಚ್ಚಿದೆ ಅತ್ತೆ" ಎಂದೆ. ಬೆಳಿಗ್ಗೆ ಹಿತ್ತಲ ತುಂಬ ಪುಕ್ಕ. ಎರಡು ಹೇಂಟೆ ಬೆಕ್ಕಿನ ಪಾಲಾಗಿದ್ದವು. ಪರಶುರಾಂಪುರದಿಂದ ಮೊಳಕಾಲ್ಮೂರಿನವರೆಗೆ ನಮ್ಮ ನೆಂಟರ ಮನೆಗಳಲ್ಲಿ ಈ ಕತೆ ಗೊತ್ತಿಲ್ಲದವರಿಲ್ಲ. ಕಾನ್ವೆಂಟ್ ಹಾಸ್ಟೆಲಿನಲ್ಲಿದ್ದು ಓದಿ ಬಂದ ನನಗೆ ಕಾನ್ವೆಂಟಮ್ಮ ಅಂತ ಹೆಸರು ಬಿದ್ದದ್ದೂ ಆಗಲೇ.

ಅಂಥವಳು ಕೋಳಿಗೆ ಗೂಡು ಕಟ್ಟುತ್ತೇನೆ ಅಂದರೆ ಯಾರು ತಾನೇ ಸುಮ್ಮನಿರುತ್ತಾರೆ?

ನಮ್ಮ ಸೀಮೆಯಲ್ಲಿ ಮಳೆ ಇಲ್ಲ ಅನ್ನುವುದೇ ಮಾತು. ಆದರೆ ಚಳಿಗಾಲದಲ್ಲಿ ಸಮುದ್ರದ ಕಡೆ ಎಲ್ಲೋ ಸೈಕ್ಲೋನ್ ಎದ್ದರೆ ಇಲ್ಲಿ ನಾಲ್ಕೈದು ದಿನ ಸೂರ್ಯ ಕಾಣುವುದಿಲ್ಲ. ಮಳೆ ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಮೂಡಗಾಳಿ ಬೀಸುತ್ತದೆ, ಒಗೆದ ಬಟ್ಟೆ ವಾಸನೆ ಬರುತ್ತದೆ, ಬೆಂಕಿಪೊಟ್ಟಣ ಮೆತ್ತಗಾಗುತ್ತದೆ. ಹೋದ ವರ್ಷದ ಅಂಥ ಒಂದು ವಾರದಲ್ಲಿ ಮಂಕರಿಯ ಕೆಳಗೆ ನಾಲ್ಕು ಕೋಳಿ ಸತ್ತವು.

"ಚಳಿಗೆ ಸತ್ವು," ಅಂದರು ಅತ್ತೆ.

ನನಗೆ ಹಾಗನ್ನಿಸಲಿಲ್ಲ. ಬೆಳಿಗ್ಗೆ ಮಂಕರಿ ಎತ್ತುತ್ತಿದ್ದವಳು ನಾನು. ಗೋಣಿಚೀಲದ ಮೇಲ್ಭಾಗ ಅಷ್ಟೇನೂ ನೆನೆದಿರುತ್ತಿರಲಿಲ್ಲ. ಒಳಗಡೆ ಬಿದಿರಿನ ಒಂದೊಂದು ಹೆಣಿಗೆಯಲ್ಲೂ ನೀರಿನ ಹನಿ ಸಾಲಾಗಿ ನಿಂತಿರುತ್ತಿತ್ತು, ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಇರುತ್ತದಲ್ಲ, ಹಾಗೆ. ಕೋಳಿಗಳ ಹೊಟ್ಟೆಯ ಪುಕ್ಕ ಹಿಕ್ಕೆಯಲ್ಲಿ ನೆನೆದು ಅಂಟಿಕೊಂಡಿರುತ್ತಿತ್ತು. ಅವು ಚಳಿಗೆ ಸಾಯಲಿಲ್ಲ, ಒದ್ದೆಗೆ ಸತ್ತವು. ಮೂರು ಸಲ ಹೇಳಿದೆ. ನಾನು ಮೆಲ್ಲಗೆ ಮಾತಾಡುವವಳು. ಮೂರು ಸಲವೂ ಯಾರಿಗೂ ಕೇಳಿಸಲಿಲ್ಲ.

ಈ ಸಲ ದೀಪಾವಳಿ ಮುಗಿಯುತ್ತಿದ್ದಂತೆ ಅತ್ತೆ ತೀರ್ಮಾನ ಹೇಳಿದರು. "ಸುಮ್ನೆ ಸಾಯೋದಕ್ಕಿಂತ ಚಳಿಗೆ ಮುಂಚೆ ಎಲ್ಲಾ ಕೊಯ್ಸಿಬಿಡಾಣ. ಒಂಬತ್ತು ಹೇಂಟೆ, ಒಂದು ಹುಂಜ. ಇನ್ಮೇಲೆ ಈ ಮನೇಲಿ ಕೋಳಿ ಬ್ಯಾಡ."

ಆ ಒಂಬತ್ತರಲ್ಲಿ ಏಳು ನಾನು ಮರಿಯಿಂದ ಸಾಕಿದವು. ಯಾವುದರ ಕಾಲಲ್ಲಿ ಯಾವ ಬೆರಳು ಸೊಟ್ಟ, ಯಾವುದು ನೀರು ಕುಡಿದ ಮೇಲೆ ಕೊಕ್ಕನ್ನು ಎಡಕ್ಕೆ ಒರೆಸುತ್ತದೆ, ಎಲ್ಲ ಬಲ್ಲೆ.

"ಸಂಕ್ರಾಂತಿ ಮುಗಿಯೋವರೆಗೂ ಬಿಡಿ ಅತ್ತೆ. ನಾನು ಗೂಡು ಮಾಡ್ತೀನಿ. ಒಂದೂ ಸಾಯಲ್ಲ."

"ಸತ್ರೆ?"

"ಒಂದು ಸತ್ರೂ ಉಳಿದಿದ್ದೆಲ್ಲಾ ನಿಮ್ಮ ಕನುಮಕ್ಕೆ."

ಕನುಮ ಅಂದರೆ ಸಂಕ್ರಾಂತಿಯ ಮರುದಿನದ ಬಾಡೂಟ. ನಾವು ಕರಿ ಅನ್ನುತ್ತೇವೆ. ಅತ್ತೆಯ ತವರು ರಾಯದುರ್ಗದ ಕಡೆ, ಅವರಿಗೆ ಅದು ಕನುಮ. ನನ್ನ ಮಾತು ಕೇಳಿ ಅವರು ನಕ್ಕರು. ಸಿಟ್ಟು, ನಗು ಎರಡಕ್ಕೂ ಅವರಿಗೆ ತೆಲುಗೇ ಬರುವುದು. "ಏಮ್ಮಾ, ಕೋಳ್ಳಕ್ಕೂಡಾ ಕಾನ್ವೆಂಟಾ?"

ಹೌದು, ಕೋಳಿಗೂ ಕಾನ್ವೆಂಟೇ. ಆಗ ಹೇಳಲಿಲ್ಲ, ಈಗ ಬರೆಯುತ್ತಿದ್ದೇನೆ. ನಮ್ಮ ಹಾಸ್ಟೆಲಿನ ಅಡುಗೆಮನೆಯ ಹಿಂದೆ ವಯಸ್ಸಾದ ಒಬ್ಬ ಸಿಸ್ಟರ್ ಕೋಳಿ ಸಾಕಿದ್ದರು. ಮಲಯಾಳದ ರಾಗದಲ್ಲಿ ಕನ್ನಡ ಮಾತಾಡುತ್ತಿದ್ದರು. ಶನಿವಾರ ಗೂಡು ಗುಡಿಸುವ ಸರದಿ ನಮ್ಮದು. ಆ ಗೂಡಿನ ಗೋಡೆ ಸೂರಿಗೆ ತಾಗುತ್ತಿರಲಿಲ್ಲ, ನಡುವೆ ಒಂದು ಗೇಣು ಸಂದಿ ಇರುತ್ತಿತ್ತು. ಮೇಸ್ತ್ರಿ ಕಟ್ಟಿ ಮುಗಿಸಿಲ್ಲವಾ ಅಂತ ನಾನು ಕೇಳಿದ್ದೆ. "ಕೋಳಿ ಉಸಿರು ಬಿಸಿ ಮಗಳೇ. ಅದು ಮೇಲೆ ಹೋಗ್ತದೆ. ಹೋಗಲಿಕ್ಕೆ ದಾರಿ ಬೇಡವಾ?" ಅಂದಿದ್ದರು. ಅಷ್ಟೂ ವರ್ಷ ಕಲಿತ ಪಾಠದಲ್ಲಿ ಸಂಸಾರಕ್ಕೆ ನೇರವಾಗಿ ಒದಗಿದ್ದು ಇದೊಂದೇ.

ಗಂಡ ಕುದಾಪುರದ ಕಡೆ ವ್ಯಾನ್ ಓಡಿಸುತ್ತಾರೆ. ರಜೆಯ ದಿನ ಬಂದು, "ತಗಡು ಹೊಡೆದು ಕೊಡ್ತೀನಿ, ಜಗಳಕ್ಕೆ ಮಾತ್ರ ಕರೀಬ್ಯಾಡ" ಅಂದರು. ಅಷ್ಟು ಸಾಕಿತ್ತು.

ಮೊದಲು ನೆಲ. ಹಿತ್ತಲಿನ ಎತ್ತರದ ಮೂಲೆ ಆರಿಸಿ ಸುತ್ತ ಕಲ್ಲು ಜೋಡಿಸಿ ಒಂದು ಅಡಿ ಗರಸು ಮಣ್ಣು ತುಂಬಿದೆ, ಹೊರಗಿನ ನೀರು ಒಳಗೆ ಬರದ ಹಾಗೆ. ಮೇಲೆ ತಗಡು, ಅದರ ಕೆಳಗೆ ತೆಂಗಿನ ಗರಿಯ ತಟ್ಟಿ. ಬರೀ ತಗಡಾದರೆ ಇಬ್ಬನಿ ಒಳಗೇ ಹನಿಯುತ್ತದೆ. ಅರ್ಧ ಭಾಗ ರಾತ್ರಿಗೆ ಗೂಡು, ಅರ್ಧ ಭಾಗ ಹಗಲು ಓಡಾಡುವ ಅಂಗಳ, ಅದಕ್ಕೆ ಜಾಲರಿ. ಕೂರಲು ಬೇವಿನ ಗಳ, ಮೇಲುಮೈ ಸ್ವಲ್ಪ ಚಪ್ಪಟೆ ಮಾಡಿದ್ದು. ಕೋಳಿ ಕೂತಾಗ ಅದರ ಹೊಟ್ಟೆಯ ಪುಕ್ಕ ಇಳಿದು ಬೆರಳನ್ನೆಲ್ಲ ಹೊದಿಸಬೇಕು. ಸಣ್ಣ ಕಡ್ಡಿಯಾದರೆ ಬೆರಳು ಸುತ್ತಿಕೊಂಡು ಕೆಳಗಿನಿಂದ ತಣ್ಣಗಾಗುತ್ತದೆ. ಮೂಲೆಯಲ್ಲಿ ಹಳೆಯ ಟೈರಿನೊಳಗೆ ಒಲೆಯ ಬೂದಿ, ಜರಡಿ ಹಿಡಿದ ಮಣ್ಣು. ಕೋಳಿಗೆ ಅದೇ ಸ್ನಾನ.

ನೆಲದ ಮೇಲೆ ಹಾಸಲು ಚಳ್ಳಕೆರೆಯ ಎಣ್ಣೆಮಿಲ್ಲಿನಿಂದ ಶೇಂಗಾ ಸಿಪ್ಪೆ ತರಿಸಿದೆ. ಮೊದಲು ಬಂದ ಎರಡು ಚೀಲ ವಾಪಸ್ ಕಳಿಸಿದೆ. ಒಳಗೆ ಕೈ ಹಾಕಿದರೆ ಬೆಚ್ಚಗಿತ್ತು, ಮೂಗಿಗೆ ಬೂಷ್ಟು ವಾಸನೆ. ತಂದವನು, "ಹೊದ್ಕೊಂಡು ಮಲಗೋದು ಕೋಳಿ ಅಕ್ಕಾ, ನೀವಲ್ಲ" ಅಂದ. "ಕೋಳಿ ವಾಪಸ್ ಕೊಡಕ್ಕಾಗಲ್ಲಪ್ಪಾ, ಅದಕ್ಕೇ ನಾನು ಕೊಡ್ತಿದೀನಿ" ಅಂದೆ. ಎರಡನೆಯ ಸಲ ಗಲಗಲ ಸದ್ದು ಮಾಡುವ ಸಿಪ್ಪೆ ತಂದ. ಒಂದು ಗೇಣು ದಪ್ಪ ಹಾಸಿದೆ. ದಿನಾ ಬೆಳಿಗ್ಗೆ ಕೆದರುವುದು. ಒಂದು ಹಿಡಿ ತೆಗೆದು ಅಮುಕಿದರೆ ಉದುರಬೇಕು, ಉಂಡೆಯಾದರೆ ಅಷ್ಟನ್ನು ತೆಗೆದು ಹೊಸದು ಹಾಕುವುದು.

ಇಲ್ಲಿಯವರೆಗೆ ಅತ್ತೆ ಬರೀ ನೋಡಿದರು. ಜಗಳ ಬಂದದ್ದು ಗೋಡೆಗೆ. ಮೂಡಣ ದಿಕ್ಕಿಗೆ ಗೋಣಿ ಹೊಲಿದು ದಪ್ಪ ಪರದೆ ಕಟ್ಟಿದೆ, ಗಾಳಿ ಕೋಳಿಯ ಮೈಗೆ ಹೊಡೆಯದಷ್ಟು ಎತ್ತರಕ್ಕೆ. ಅದರ ಮೇಲೆ, ಸೂರಿನ ಕೆಳಗೆ, ನಾಲ್ಕೂ ಕಡೆ ಒಂದು ಗೇಣು ಬಿಟ್ಟೆ. ಬೆಕ್ಕು ನುಗ್ಗದಂತೆ ಅಲ್ಲಿ ಜಾಲರಿ ಮಾತ್ರ.

"ಅದನ್ನ ಮುಚ್ಚು," ಅಂದರು ಅತ್ತೆ.

"ಅದು ಉಸಿರಾಡಕ್ಕೆ ಅತ್ತೆ."

"ಉಸಿರಾಡಕ್ಕೆ ಮೂಗೈತೆ. ಇಷ್ಟೆಲ್ಲಾ ಮಾಡಿ ತಲೆ ಮೇಲೆ ತೂತು ಬಿಡ್ತಾರಾ ಯಾರಾದ್ರೂ? ಮುಚ್ಚು."

"ಮುಚ್ಚಲ್ಲ."

ನಾನು ಆ ಮನೆಯಲ್ಲಿ ಅತ್ತೆಗೆ ಎದುರು ಹೇಳಿದ ಮೊದಲ 'ಇಲ್ಲ' ಅದು. ಗಂಡ ಏಣಿಯ ಮೇಲೆ ನಿಂತಿದ್ದವರು ಮೊಳೆ ಹೊಡೆಯುವುದನ್ನು ನಿಲ್ಲಿಸಿ, ಮತ್ತೆ ಜೋರಾಗಿ ಹೊಡೆಯತೊಡಗಿದರು.

ಮೊದಲ ಒಂದು ತಿಂಗಳು ಒಣ ಚಳಿ. ಬೆಳಿಗ್ಗೆ ಬಾಗಿಲು ತೆಗೆದರೆ ಸಿಪ್ಪೆಯ ವಾಸನೆ, ಬೂದಿಯ ವಾಸನೆ, ಅಷ್ಟೇ. ಹೇಂಟೆಗಳು ಚಳಿಯಲ್ಲೂ ಮೊಟ್ಟೆ ಇಟ್ಟವು. ಅತ್ತೆ ಮೊಟ್ಟೆ ಬೇಯಿಸಿಕೊಂಡು ತಿಂದರು.

ಆಮೇಲೆ ಅವ್ವನ ಕಣ್ಣಿನ ಆಪರೇಷನ್ನಿಗೆ ನಾನು ಚಳ್ಳಕೆರೆಗೆ ಹೋದೆ. ಮೂರು ದಿನ. ಎರಡನೆಯ ದಿನವೇ ಜಡಿಮಳೆ ಹಿಡಿಯಿತು. ಅವ್ವನ ಕಣ್ಣಿಗೆ ಹನಿ ಬಿಡುತ್ತಿದ್ದರೂ ನನ್ನ ಜೀವವೆಲ್ಲ ಹಿತ್ತಲಲ್ಲೇ. ಫೋನ್ ಮಾಡಿದರೆ ಅತ್ತೆ, "ಎಲ್ಲಾ ಬೆಚ್ಚಗವೆ. ನೀನು ನಿಮ್ಮವ್ವನ್ನ ನೋಡ್ಕೋ" ಅಂದರು. ದನಿಯಲ್ಲಿ ಅಕ್ಕರೆ ಇತ್ತು. ನನಗೆ ಅದಕ್ಕೇ ಭಯವಾಯಿತು.

ಬಸ್ಸಿಳಿದು ಸೀದಾ ಹಿತ್ತಲಿಗೆ ಹೋದೆ. ಗೂಡಿಗೆ ನಾಲ್ಕೂ ಕಡೆ ನೀಲಿ ಟಾರ್ಪಾಲು ಸುತ್ತಿ ನೈಲಾನ್ ಹಗ್ಗದಲ್ಲಿ ಬಿಗಿದಿತ್ತು. ಮೂಡಣದ ಸಂದಿಗೆ ಅತ್ತೆಯ ಕರಿ ಕಂಬಳಿ ತುರುಕಿತ್ತು. ತಾವು ಹೊದೆಯುವ ಕಂಬಳಿ. ಅದನ್ನು ಕೊಟ್ಟು ಅವರು ಎರಡು ರಾತ್ರಿ ಹತ್ತಿಯ ಹೊದಿಕೆಯಲ್ಲಿ ಮಲಗಿದ್ದರು.

ಹಗ್ಗ ಬಿಚ್ಚಿ ಟಾರ್ಪಾಲು ಎತ್ತಿದರೆ ಕಣ್ಣು ಉರಿದು ನೀರು ಬಂತು. ಹಿಕ್ಕೆಯ ಗಾಟು. ಸಿಪ್ಪೆ ಕೈಯಲ್ಲಿ ಉಂಡೆಯಾಯಿತು. ಕೋಳಿಗಳೆಲ್ಲ ಗಳದಿಂದ ಇಳಿದು ಬಾಗಿಲಿನ ಸಂದಿಗೆ ಕೊಕ್ಕು ಇಟ್ಟು ನಿಂತಿದ್ದವು. ಬಿಳಿ ಹೇಂಟೆ ಬಾಯಿ ತೆರೆದು ಗೊರಗೊರ ಅನ್ನುತ್ತಿತ್ತು, ಕಣ್ಣಿನ ಮೂಲೆಯಲ್ಲಿ ನೊರೆ.

ಅತ್ತೆ ಬಂದು ಹಿಂದೆ ನಿಂತರು. "ತೆಗೀಬ್ಯಾಡ, ಮಳೆ ಐತೆ!"

ನಾನು ಕಂಬಳಿ ಎಳೆದು ಅವರ ಕೈಗಿಟ್ಟೆ. "ಮುಟ್ಟಿ ನೋಡಿ. ಮಳೆ ಕಡೆ ಒಣಗೈತೆ, ಒಳಗಡೆ ಒದ್ದೆ. ಈ ನೀರು ಎಲ್ಲಿಂದ ಬಂತು ಹೇಳಿ."

ಅತ್ತೆ ಎರಡೂ ಕಡೆ ಮುಟ್ಟಿ ನೋಡಿದರು. ಒಳಗಿನ ಕಡೆಗೆ ಬೆರಳು ಇಟ್ಟು ಸ್ವಲ್ಪ ಹೊತ್ತು ತೆಗೆಯಲೇ ಇಲ್ಲ. ಆಮೇಲೆ, "ನಾನು ಲಂಗ ಉಡೋ ಕಾಲದಿಂದ ಕೋಳಿ ಮುಚ್ಚಿದೀನಿ" ಅಂದು ಒಳಗೆ ಹೋದರು.

ಮಳೆಯಲ್ಲೇ ಟಾರ್ಪಾಲು ಪೂರ್ತಿ ತೆಗೆದೆ. ಒದ್ದೆ ಸಿಪ್ಪೆಯನ್ನೆಲ್ಲ ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಹೊತ್ತೆ. ಮಂಚದ ಕೆಳಗೆ ಎತ್ತಿಟ್ಟಿದ್ದ ಒಣ ಚೀಲ ಸುರಿದೆ. ಪಕ್ಕದ ಮನೆಯವರು ಬೇಲಿಯ ಮೇಲಿಂದ, "ಚಳೀಲಿ ಕೋಳಿ ಬಿಚ್ಚಿ ನಿಲ್ಸವ್ಳೆ, ಓದಿದೋರ ಬುದ್ಧಿ" ಅಂದರು. ಅನ್ನಲಿ ಬಿಡಿ. ದನದ ಡಾಕ್ಟರರ ಹತ್ತಿರ ಹೋಗಿ ಔಷಧಿ ತಂದು ಬಿಳಿ ಹೇಂಟೆಗೆ ನೀರಲ್ಲಿ ಕುಡಿಸಿದೆ. ಉಳಿದವು ಮಾರನೆಯ ದಿನಕ್ಕೇ ಬೂದಿಯಲ್ಲಿ ಹೊರಳಾಡಿದವು. ಅದೊಂದು ಹೊರಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗಳದ ಕೆಳಗೆ ಬಿದ್ದಿತ್ತು, ಕಾಲು ನೆಟ್ಟಗೆ.

ಒಂದು ಸತ್ತಿತ್ತು. ಮಾತು ಕೊಟ್ಟವಳು ನಾನೇ.

ಸಂಕ್ರಾಂತಿಗೆ ನಾದಿನಿ ಗಂಡ ಮಕ್ಕಳೊಂದಿಗೆ ಮೊಳಕಾಲ್ಮೂರಿನಿಂದ ಬಂದಳು. ಮಾರನೆಯ ದಿನ ಬೆಳಿಗ್ಗೆ ಅತ್ತೆ ಈಳಿಗೆಮಣೆ ತೊಳೆದು ಬಿಸಿಲಿಗೆ ಇಟ್ಟು, ದೊಡ್ಡ ಪಾತ್ರೆಯಲ್ಲಿ ನೀರು ಕಾಯಲು ಇಟ್ಟರು. "ಮೂರು ಸಾಕು ಇವತ್ತಿಗೆ. ಉಳಿದಿದ್ದು ಸಂತೆಗೆ," ಅಂದರು.

ನಾನು ಹೋಗಿ ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಕೊಡಲ್ಲ ಅತ್ತೆ."

"ಒಂದು ಸತ್ರೂ ಎಲ್ಲಾ ನಿಮಗೆ ಅಂದಿದ್ಯಾರು?"

"ನಾನೇ."

"ಮತ್ತೆ? ಕಾನ್ವೆಂಟಲ್ಲಿ ಮಾತು ತಪ್ಪೋದು ಕಲಿಸ್ತಾರಾ?"

"ಇಲ್ಲ. ಅದು ಇವತ್ತು ನಾನೇ ಕಲ್ತಿದ್ದು."

ನಾದಿನಿ ಬಾಗಿಲಲ್ಲಿ ನಿಂತು, "ಅಯ್ಯೋ, ಒಂದು ಕೋಳಿಗೆ ಇಷ್ಟು ರಂಪಾನಾ ಅತ್ತಿಗೆ?" ಅಂದಳು. ಅತ್ತೆ ಅವಳ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿದರು. ನಾನು ಒಂದು ಮಾತು ಹೇಳಬಹುದಿತ್ತು: ಸತ್ತದ್ದು ನೀವು ಮುಚ್ಚಿದ್ದರಿಂದ. ಆ ಮಾತು ನಾಲಗೆಯ ತುದಿಯಲ್ಲಿತ್ತು. ಅವರೂ ಅದಕ್ಕೇ ಕಾಯುತ್ತಿದ್ದರು ಅಂತ ಕಾಣುತ್ತದೆ. ಹೇಳಲಿಲ್ಲ. ಮಾತಿನಲ್ಲಿ ಗೆಲ್ಲಲು ನಿಂತಿರಲಿಲ್ಲ ನಾನು, ಕೋಳಿ ಉಳಿಸಲು ನಿಂತಿದ್ದೆ. ಬಾಗಿಲು ಬಿಟ್ಟು ಕದಲಲೂ ಇಲ್ಲ.

ಒಳಗೆ ನೀರು ಕುದಿಯುವ ಸದ್ದು ಇಲ್ಲಿಗೂ ಕೇಳುತ್ತಿತ್ತು. ಕೊನೆಗೆ ಅತ್ತೆ ಮಗನನ್ನು ಕೂಗಿದರು. "ಲೇ, ಪರಶುರಾಂಪುರಕ್ಕೆ ಹೋಗಿ ಫಾರಂ ಕೋಳಿ ತಗೊಂಬಾ. ಎರಡು ಕೆ.ಜಿ. ಚರ್ಮ ತೆಗ್ಸು." ಗಂಡ ಬೈಕಿನ ಕೀಲಿ ಹುಡುಕಿದ್ದನ್ನು ನೋಡಬೇಕಿತ್ತು, ಅಷ್ಟು ಚುರುಕಾಗಿ ಅವರು ಎಂದೂ ಎದ್ದವರಲ್ಲ.

ಆ ಅಡುಗೆ ನಾನೇ ಮಾಡಿದೆ. ಕೊಬ್ಬರಿ, ಗಸಗಸೆ, ಹುರಿದ ಈರುಳ್ಳಿ, ಯಾವುದಕ್ಕೂ ಕೈ ಹಿಡಿಯಲಿಲ್ಲ. ಊಟಕ್ಕೆ ಎಲ್ಲರೂ ಸಾಲಾಗಿ ಕೂತರು. ನಾದಿನಿ ಮೊದಲ ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದಳು.

"ಏನು ಅತ್ತಿಗೆ, ನಾಟಿ ಕೋಳಿ ರುಚಿ ಇಲ್ವೇ ಇಲ್ಲ. ಸಪ್ಪೆ, ಹತ್ತಿ ಜಗಿದಂಗೈತೆ."

"ಹೌದು, ಇಲ್ಲ," ಅಂದೆ. "ಇನ್ನೆರಡು ತುಂಡು ಹಾಕ್ಲಾ?"

ಅತ್ತೆ ತಲೆ ಎತ್ತದೆ ತಮ್ಮ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. "ನಂಗೆ ಹಾಕು," ಅಂದರು.