ಬಾರ್ಲಿ ನೀರು, ಖಡಕ್ ರೊಟ್ಟಿ

ಜ್ವರ ಬಂದ ಮೊದಲ ನಾಲ್ಕು ದಿನ ನನ್ನ ಗಂಡ ಆಫೀಸಿಗೆ ಹೋದರು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮೈ ಮುಟ್ಟಿದರೆ ಕಾದ ಹಂಚು. ಕೇಳಿದರೆ, 'ಏನಿಲ್ಲ, ಬಿಸಿಲಿಗೆ ಆಗೇತಿ.' ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಇವರೊಬ್ಬರು ಕೂಡದಿದ್ದರೆ ನಾಗಪುರದ ಕಿತ್ತಳೆಯೆಲ್ಲ ಅಲ್ಲೇ ಕೊಳೆತು ಹೋಗುತ್ತದೆಂಬ ಭ್ರಮೆ. ಐದನೆಯ ದಿನ ಹತ್ತಾರು ಬಿಡಾರಗಳಿದ್ದ ನಮ್ಮ ವಾಡಾದ ಮೆಟ್ಟಿಲ ಮೇಲೆ ಕುಸಿದು ಕೂತರು.

ಟೈಫಾಯ್ಡ್.

ಡಾಕ್ಟರು ಹೊಸದಾಗಿ ಬಂದ ಕ್ಯಾಪ್ಸೂಲ್ ಕೊಟ್ಟರು. ಹೋಗುವಾಗ ನನ್ನನ್ನು ಬಾಗಿಲಾಚೆ ಕರೆದು, ನನಗೆ ತಿಳಿಯಲೆಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಈ ಔಷಧದಿಂದ ಜ್ವರ ಬೇಗ ಇಳಿಯುತ್ತದೆ, ಆದರೆ ಕರುಳಿನ ಹುಣ್ಣು ಅಷ್ಟು ಬೇಗ ಮಾಯುವುದಿಲ್ಲ. ಜ್ವರ ಇಳಿದ ಮೇಲೆ ಹಸಿವು ಬರುತ್ತದೆ, ಅದೇ ಅಪಾಯ. ಒಂದು ತಿಂಗಳು ಬರೀ ಲಿಕ್ವಿಡ್ ಡಯಟ್. ಗಟ್ಟಿ ಪದಾರ್ಥ ಒಂದು ತುತ್ತು ಹೋದರೂ ಕರುಳು ತೂತು ಬೀಳಬಹುದು.

ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು. ಬಾರ್ಲಿ ನೀರು, ಗ್ಲೂಕೋಸ್, ಸೋಸಿದ ಕಿತ್ತಳೆ ರಸ, ಮತ್ತೆ ಬಾರ್ಲಿ ನೀರು.

ತಂತಿ ಕಳಿಸಿದ್ದೆ. ಗದಗಿನಿಂದ ಅತ್ತೆ ಬಂದರು. ಬರುವಾಗ ಒಂದು ಗಂಟು ಖಡಕ್ ರೊಟ್ಟಿ ತಂದರು. ತಿಂಗಳಾದರೂ ಕೆಡದಂಥವು. 'ಮಗನ ಮನಿಗೆ ಬರಿಗೈಲೆ ಬರಬೇಕೇನು?' ಎಂದು ಇವರ ಮಂಚದ ಪಕ್ಕದ ಗೂಟಕ್ಕೇ ನೇತು ಹಾಕಿದರು. ಇದ್ದದ್ದು ಒಂದೇ ಕೋಣೆ. ಬೇರೆಲ್ಲಿ ಇಡಬೇಕಿತ್ತು ಅನ್ನಿ.

ಆಮೇಲೆ ನಮ್ಮ ಜನ ಬರತೊಡಗಿದರು. ರೈಲ್ವೆಯವರು, ಆರ್ಡನೆನ್ಸ್ ಫ್ಯಾಕ್ಟರಿಯವರು, ಊರು ಬಿಟ್ಟು ಬಂದ ಕನ್ನಡದವರೆಲ್ಲ. ರೋಗಿಯನ್ನು ಬರಿಗೈಲಿ ನೋಡಬಾರದಂತೆ. ಆದ್ದರಿಂದ ಶೇಂಗಾ ಉಂಡಿ, ಚಕ್ಕುಲಿ, ಅವಲಕ್ಕಿ. ಟೈಫಾಯ್ಡ್ ರೋಗಿಗೆ ಚಕ್ಕುಲಿ! ಮಂಚದ ಸುತ್ತ ಕೂತು, ನಾನು ಕಾಸಿದ ಚಹಾ ಕುಡಿದು, ನನಗೇ ಬುದ್ಧಿ ಹೇಳುವುದು. 'ಹಿಂಗ ಉಪವಾಸ ಕೆಡವಿದ್ರ ಮನಶ್ಯಾ ಉಳೀತಾನೇನವಾ?' ಸಿಟ್ಟಿಗೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಇವರಲ್ಲಿ ಒಬ್ಬರೂ ಒಂದು ಕೊಡ ನೀರು ತಂದು ಹಾಕಲಿಲ್ಲ.

ನೀರು ತಂದವಳು ಕೆಳಗಿನ ಮನೆಯ ಸಖೂಬಾಯಿ. ಇತವಾರಿ ಪೇಟೆಯಲ್ಲಿ ಕೈಗಾಡಿ ಎಳೆಯುವವನ ಹೆಂಡತಿ. ಮೆಟ್ಟಿಲ ಬುಡದಲ್ಲಿ ಮೊರ ಹಿಡಿದು ಅಂಗಡಿಗಳ ಬೇಳೆ ಹಸನು ಮಾಡುತ್ತಿದ್ದಳು. ಅಲ್ಲಿವರೆಗೆ ನಮ್ಮಿಬ್ಬರ ನಡುವೆ ಇದ್ದದ್ದು ನಲ್ಲಿಯ ಜಗಳವೊಂದೇ. ಒಂದು ಬೆಳಿಗ್ಗೆ ನನ್ನ ಮೂರೂ ಕೊಡ ತುಂಬಿಸಿ ಬಾಗಿಲಲ್ಲಿಟ್ಟಳು. ಮರುದಿನ ಹೊಲಸಾದ ಹಾಸಿಗೆ ಬಟ್ಟೆ ಕೇಳದೆ ಒಯ್ದು, ಕುದಿಸಿ, ಒಗೆದು ತಂದಳು. ಡಾಕ್ಟರು ಹೇಳಿದ್ದನ್ನು ನಾನು ಹರಕು ಮರಾಠಿಯಲ್ಲಿ ಹೇಳಿಕೊಂಡ ಮೇಲಂತೂ ನೋಡಲು ಬಂದವರನ್ನು ಮೆಟ್ಟಿಲಲ್ಲೇ ತಡೆದಳು. 'ಆತ್ತಾಚ್ ಝೋಪಲೇತ.' ಈಗಷ್ಟೇ ಮಲಗಿದ್ದಾರೆ. ತಂದ ಗಂಟನ್ನು ಇಸಿದುಕೊಂಡು ತನ್ನ ಮನೆಯಲ್ಲಿಡುವಳು. ನಮ್ಮ ಚಕ್ಕುಲಿಗಳು ಇಡೀ ವಾಡಾಕ್ಕೆ ಹಂಚಿಹೋದವು. ಆ ತಿಂಗಳು ನಾನು ನಕ್ಕಿದ್ದು ಅದೊಂದಕ್ಕೇ.

ಜ್ವರ ಇಳಿಯಿತು. ಹಸಿವು ಬಂತು. ಬಾರ್ಲಿ ನೀರು ಕಂಡರೆ ಮುಖ ತಿರುಗಿಸಿ ಅಳುತ್ತಿದ್ದರು, ಮೂವತ್ತೆರಡು ವರ್ಷದ ಗಂಡಸು.

ಹದಿನೇಳನೆಯ ದಿನ, ಮಧ್ಯಾಹ್ನ, ಬೆಡ್‌ಪ್ಯಾನಿನಲ್ಲಿ ರಕ್ತ.

ಕಣ್ಣು ಗೂಟದ ಕಡೆ ಹೋಯಿತು. ಗಂಟು ಸಡಿಲವಾಗಿತ್ತು. ಮೇಲಿನ ರೊಟ್ಟಿ ಅರ್ಧ ಇರಲಿಲ್ಲ. ಅತ್ತೆ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು.

'ನಾನ ಕೊಟ್ಟೆ,' ಅಂದರು.

'ಮಗನ್ನ ಕೊಲ್ಲಾಕ ಗದಗಿನಿಂದ ಇಷ್ಟು ದೂರ ಬಂದ್ರೇನು?' ಎಂದು ಕೂಗಿದೆ. ವಾಡಾಕ್ಕೆಲ್ಲ ಕೇಳುವಂತೆ ಕೂಗಿದೆ. ಇನ್ನೂ ಏನೇನೋ ಅಂದೆ. ಬರೆಯಲು ಕೈ ಬರುವುದಿಲ್ಲ. ಸಖೂಬಾಯಿಯ ಗಂಡ ಟಾಂಗಾ ತಂದ, ಇವರನ್ನು ಅವನೇ ಎತ್ತಿ ಕೂರಿಸಿದ.

ಆಸ್ಪತ್ರೆಯಲ್ಲಿ ರಕ್ತ ಏರಿಸಿದರು. ಸಲೈನ್ ಹಾಕಿದರು. ತೂತು ಬಿದ್ದಿದ್ದರೆ ಆಪರೇಷನ್, ಅದರಲ್ಲಿ ಉಳಿಯುವವರು ಕಡಿಮೆ ಅಂದರು. ಎರಡು ದಿನ ಕಾಯಬೇಕು. ಅತ್ತೆಗೆ ವಾರ್ಡಿಗೆ ಕಾಲಿಡಬೇಡಿ ಅಂದೆ. ಅವರು ದಿನಾ ಸಖೂಬಾಯಿಯ ಜೊತೆ ನಾವಿದ್ದ ಮಹಾಲ್ ಪೇಟೆಯಿಂದ ನಡೆದು ಬಂದು ಗೇಟಿನ ಹತ್ತಿರ ಕೂಡುತ್ತಿದ್ದರು. ಅತ್ತೆಗೆ ಮರಾಠಿ ಬಾರದು, ಅವಳಿಗೆ ಕನ್ನಡ ಬಾರದು. ಸಖೂಬಾಯಿ ಜೋಳದ ಭಾಕರಿಯ ಗಂಟು ಬಿಚ್ಚಿ ಕೈಗಿಟ್ಟರೆ ಅತ್ತೆ ತಿನ್ನುತ್ತಿದ್ದರು. ನಾನು ಔಷಧಿಗೆ ಹೋಗುವಾಗ ಇಬ್ಬರನ್ನೂ ದಾಟಿ ಹೋಗುತ್ತಿದ್ದೆ, ನೋಡದವಳ ಹಾಗೆ.

ರಕ್ತ ನಿಂತಿತು. ತೂತು ಬಿದ್ದಿರಲಿಲ್ಲ. ವಾರಕ್ಕೆ ಮನೆಗೆ ಬಂದೆವು. ತಿಂಗಳು ತುಂಬಿದ ಮೇಲೆ ಡಾಕ್ಟರು ಅನ್ನಕ್ಕೆ ಅಪ್ಪಣೆ ಕೊಟ್ಟರು. ನುಣ್ಣಗೆ ಬೇಯಿಸಿ, ಮಜ್ಜಿಗೆ ಕಲಸಿ, ತುತ್ತು ಬಾಯಿಗೆ ಒಯ್ದೆ. ಅವರು ಬಾಯಿ ತೆರೆಯಲಿಲ್ಲ.

'ಅವ್ವ ಕೊಟ್ಟಿದ್ದಿಲ್ಲ. ನಾನ ತಗೊಂಡೆ. ನೀವಿಬ್ಬರೂ ಕೆಳಗ ಹೋಗಿದ್ರಿ. ಸಪ್ಪಳ ಆಗಬಾರದಂತ ಬಾರ್ಲಿ ನೀರಿನಾಗ ನೆನಸಿ ತಿಂದೆ.'

ತಟ್ಟೆ ಕೆಳಗಿಟ್ಟೆ. ಎಂಥಾ ಸಿಟ್ಟು ಬಂತೆಂದರೆ, ಇವರನ್ನು ಉಳಿಸಿಕೊಂಡದ್ದೇ ತಪ್ಪಾಯಿತು ಅನ್ನಿಸಿತು. ಹದಿನೈದು ದಿನ ತಾಯಿ ಬೈಸಿಕೊಳ್ಳುವುದನ್ನು ಮಲಗಿಕೊಂಡು ಕೇಳಿದ ಮನುಷ್ಯ! ಅತ್ತೆಯ ಕಡೆ ತಿರುಗಿದೆ. 'ನಿಮಗ್ಯಾಕ ಬೇಕಿತ್ತು ಆ ಸುಳ್ಳು?'

'ನಿನ್ನ ಸಿಟ್ಟು ನನಗ ಗೊತ್ತಿಲ್ಲೇನು? ಅವನ ಮ್ಯಾಲೆ ಬಿದ್ದಿದ್ರ ಅವನ್ನ ನೋಡ್ಕೊಳ್ಳವ್ರು ಯಾರು? ನನ್ನ ಮ್ಯಾಲೆ ಬೀಳ್ಲಿ ಅಂದೆ. ಮೊದಲ ಅವಂಗ ಉಣಸು, ಆಮ್ಯಾಲೆ ಬೈಯಂತಿ.'

ಉಣಿಸಿದೆ. ಬೈದೆ ಕೂಡ.

ಅತ್ತೆಯ ಮುಖ ನೋಡಲು ಮಾತ್ರ ಆಗಲಿಲ್ಲ. ವಾಡಾದ ಎದುರು ಆಡಿದ ಮಾತು, ವಾಡಾದ ಎದುರೇ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ಮರುದಿನ ನಲ್ಲಿಯ ಹತ್ತಿರ ಹೆಂಗಸರೆಲ್ಲ ಇದ್ದರು. ರೊಟ್ಟಿ ಅತ್ತೆ ಕೊಟ್ಟದ್ದಲ್ಲ, ತಪ್ಪು ನನ್ನದು ಎಂದು ಬಂದ ಮರಾಠಿಯಲ್ಲಿ ಹೇಳಿದೆ. ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ.

ಸಖೂಬಾಯಿ ತನ್ನ ಕೊಡ ಪಕ್ಕಕ್ಕೆ ಸರಿಸಿದಳು. 'ಆಮ್ಹಾಲಾ ಕಶಾಲಾ ಸಾಂಗತೇಸ್? ಸಾಸೂಲಾ ಸಾಂಗ.'

ನಮಗ್ಯಾಕೆ ಹೇಳುತ್ತೀ, ಅತ್ತೆಗೆ ಹೇಳು.

ಕೊಡ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ. ಅತ್ತೆ ಒಲೆ ಊದುತ್ತಿದ್ದರು. ಎದುರು ಕೂತೆ. 'ತಪ್ಪಾತ್ರಿ,' ಅಂದೆ. ಅವರು ಹೊಗೆಗೆ ಕಣ್ಣೊರೆಸಿಕೊಂಡು ನನ್ನ ಕೈ ನೋಡಿದರು.

'ಆತು ಬಿಡು. ಕೊಡಾ ಎಲ್ಲಿ?'

'ಕೆಳಗ ಬಿಟ್ಟು ಬಂದೇನ್ರಿ.'

'ನೀರು ಹೋಗತಾವ ಈಗ,' ಎಂದು ಗೊಣಗುತ್ತ, ಮೊಣಕಾಲು ಹಿಡಿದುಕೊಂಡು, ತಾವೇ ಕೆಳಗಿಳಿದು ಹೋದರು.