ಪರದೆಯ ಉಪಸಮಿತಿ

ಲಿಂಗರಾಜಪುರದ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದ ಮೇಲೆ ನನ್ನನ್ನು ಒಂದು ಆಸ್ಪತ್ರೆಯ ನೀತಿ ಸಮಿತಿಗೆ ಸೇರಿಸಿಕೊಂಡರು. ರೋಗಿಗಳ ಮೇಲೆ ಹೊಸ ಔಷಧಿ ಪ್ರಯೋಗಿಸುವ ಮೊದಲು ಅದು ಸರಿಯೇ ಎಂದು ನೋಡುವ ಸಮಿತಿ ಅದು. ವೈದ್ಯಕೀಯ ಗೊತ್ತಿಲ್ಲದವರೂ ಒಬ್ಬರು ಅದರಲ್ಲಿ ಇರಬೇಕಂತೆ. ಆ ಅರ್ಹತೆ ನನಗೆ ಧಾರಾಳವಾಗಿತ್ತು.

ಅಧ್ಯಕ್ಷರು ಹಿರಿಯ ಸರ್ಜನ್. ಸಭೆಯಲ್ಲಿ ರೋಗಿಯ ಘನತೆಯ ಬಗ್ಗೆ ಅವರು ಮಾತಾಡಿದರೆ ಗೋಡಂಬಿ ತಿನ್ನುತ್ತಿದ್ದವರೂ ಕೈ ತಡೆಯುತ್ತಿದ್ದರು. ನಾನು ಮನೆಗೆ ಬಂದು ಅದನ್ನೆಲ್ಲ ಗಂಡನಿಗೂ ಒಪ್ಪಿಸುತ್ತಿದ್ದೆ.

ಕಳೆದ ವರ್ಷ ಪಿತ್ತಕೋಶದ ಕಲ್ಲಿಗೆ ಅದೇ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಲಗಿದೆ. ಆಪರೇಷನ್ನಿನ ಮರುದಿನ ಅಧ್ಯಕ್ಷರು ವಿದ್ಯಾರ್ಥಿಗಳ ಹಿಂಡಿನೊಂದಿಗೆ ಬಂದರು. ನನ್ನದು ಕೆದರಿದ ಕೂದಲು, ಆಸ್ಪತ್ರೆಯ ಗೌನು. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಒಂದು ಮಾತೂ ಕೇಳದೆ ಗೌನು ಮೇಲೆತ್ತಿ, ಹೊಲಿಗೆ ತೋರಿಸುತ್ತ ಇಂಗ್ಲಿಷಿನಲ್ಲಿ ಪಾಠ ಶುರುಮಾಡಿದರು. ಎದುರು ಹಾಸಿಗೆಯವಳ ಗಂಡ ತಲೆ ತಗ್ಗಿಸಿ ಕಿತ್ತಳೆ ಸುಲಿಯತೊಡಗಿದ. ಸಿಟ್ಟಿಗಿಂತ ಮೊದಲು ನನಗೆ ನಾಚಿಕೆಯಾಯಿತು.

"ಸರ್, ಸ್ವಲ್ಪ ಪರದೆ ಎಳೀತೀರಾ? ನಾನು ನಿಮ್ಮ ಕಮಿಟೀಲಿರೋ ಟೀಚರ್ರು" ಎಂದೆ.

ಗೌನು ತಟ್ಟನೆ ಇಳಿಯಿತು.

"ಅಯ್ಯೋ ಮೇಡಂ, ನೀವು ಅಂತ ಮೊದಲೇ ಹೇಳ್ಬಾರ್ದಾ?"

ಪರದೆ ಬಂತು, ಕ್ಷಮೆ ಬಂತು, ಪ್ರತ್ಯೇಕ ರೂಮಿನ ಮಾತೂ ಬಂತು. ಆಮೇಲೆ ಎಲ್ಲರೂ ಪಕ್ಕದ ಹಾಸಿಗೆಗೆ ಸರಿದರು. ಅಲ್ಲಿದ್ದವರು ಶಿವಾಜಿನಗರದ ಮುಸ್ಲಿಂ ಹೆಂಗಸು, ನನಗಿಂತ ಹಿರಿಯರು. ಅವರಿಗೆ ಪರದೆಯಿಲ್ಲ. ಹೊದಿಕೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದದ್ದು ನನ್ನ ಪರದೆಯ ಸಂದಿಯಿಂದ ಕಂಡಿತು. ಹೊಲಿಗೆ ಚುರುಗುಟ್ಟಿದರೂ ಎದ್ದು ಕೂತು, ಅಲ್ಲಿಗೂ ಎಳೆಯಿರಿ ಎಂದೆ. ಆ ಪರದೆಯ ಕೊಕ್ಕೆಗಳು ಕಿತ್ತುಹೋಗಿ ಬಹಳ ಕಾಲವಾಯಿತೆಂದು ನರ್ಸ್ ಹೇಳಿದರು. ಕೊನೆಗೆ ಇಬ್ಬರು ವಿದ್ಯಾರ್ಥಿನಿಯರು ಬೆಡ್‌ಶೀಟ್ ಹಿಡಿದು ನಿಂತರು. ಅಧ್ಯಕ್ಷರು ತಡವರಿಸುತ್ತ, "ಅಮ್ಮಾ, ನೋಡ್ಲಾ?" ಎಂದು ಕೇಳಿದರು.

"ನೋಡಿ ಸಾಬ್. ಆದ್ರೆ ಏನ್ ಕಾಣ್ತು ಅಂತ ನಮ್ಗೂ ಹೇಳಿ" ಎಂದರು ಆಕೆ.

ಅವರು ಹೇಳಿದರು. ಆಕೆಯ ಗಾಯ ಚೆನ್ನಾಗಿ ಮಾಯುತ್ತಿದೆಯೆಂಬ ಸುದ್ದಿ ಆಗ ನನಗೂ ತಿಳಿಯಿತು. ಅಷ್ಟು ಹೊತ್ತಿನ ಪಾಠದಲ್ಲಿ ನನ್ನ ಗಾಯದ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲವಾದ್ದರಿಂದ, ನನ್ನದೂ ಹಾಗೆಯೇ ಇರಬಹುದೆಂದು ಸಮಾಧಾನ ಮಾಡಿಕೊಂಡೆ. ರೂಮು ಬೇಡವೆಂದೆ.

ಮುಂದಿನ ಸಭೆಯಲ್ಲಿ ವಿಷಯ ಎತ್ತಿದಾಗ ಅಧ್ಯಕ್ಷರು ತಪ್ಪು ತಮ್ಮದೆಂದು ಒಪ್ಪಿಕೊಂಡು, ಬಹಳ ಸೊಗಸಾಗಿ ಮಾತಾಡಿ, ಪರದೆಗಳ ಅಧ್ಯಯನಕ್ಕೆ ಉಪಸಮಿತಿ ರಚಿಸಿದರು. ನಾನೇ ಸಂಚಾಲಕಿ. ಅದು ಇನ್ನೂ ಸೇರಿಲ್ಲ. ಒಂದು ಪೊಟ್ಟಣ ಕೊಕ್ಕೆ ಕೊಂಡೊಯ್ದು ವಾರ್ಡಿನ ನರ್ಸಿಗೆ ಕೊಟ್ಟೆ. ಇದಕ್ಕೆ ಮೇಲಿನವರ ಅನುಮತಿ ಬೇಕಾಗುತ್ತದೆ ಎನ್ನುತ್ತಲೇ ಅವರು ಸ್ಟೂಲ್ ಎಳೆದುಕೊಂಡು ಹತ್ತಿದರು.